ದುರ್ಯೋಧನನ ಪತನಕ್ಕೆ ಹೊಣೆ ಯಾರು?

ಶಾಂತಿಗ್ರಾಮದ ಸುತ್ತಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವಾಡುವಾಗ ಧರ್ಮರಾಯನ ಪಾತ್ರಕ್ಕಿಂತ ದುರ್ಯೋಧನನ ಪಾತ್ರಕ್ಕೆ ಪೈಪೋಟಿ ಹೆಚ್ಚು. ರಾತ್ರಿಯೆಲ್ಲ ಅವನನ್ನು ಶಪಿಸಿದ ಮುದುಕಿಯರೇ, ಬೆಳಗಿನ ಜಾವ ಅವನು ತೊಡೆ ಮುರಿದು ಬಿದ್ದಾಗ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ. ಕೆಟ್ಟವನೆಂದು ಬಲ್ಲವನಿಗಾಗಿ ಈ ಕಣ್ಣೀರೇಕೆ? ಅವನ ಪತನಕ್ಕೆ ಹೊಣೆ ಯಾರು? ವಿಧಿಯೆ, ಕೃಷ್ಣನೆ, ಭೀಮನೆ, ಅಥವಾ ಅವನೇನೆ?

ಕನ್ನಡದಲ್ಲಿ ಈ ಪ್ರಶ್ನೆಗೆ ಆಳವನ್ನು ತಂದವನು ರನ್ನ. ಮುದುವೊಳಲಿನ ಬಳೆಗಾರರ ಮನೆಯ ಈ ಮಗ ವಿದ್ಯೆಯನ್ನರಸಿ ಬಂದದ್ದು ನಮ್ಮ ಜಿಲ್ಲೆಯ ಶ್ರವಣಬೆಳಗೊಳಕ್ಕೆ. ಅಜಿತಸೇನಾಚಾರ್ಯರು ಅವನ ಗುರುಗಳು, ಚಾವುಂಡರಾಯ ಆಶ್ರಯದಾತ. ಮುಂದೆ ಚಾಲುಕ್ಯರ ಆಸ್ಥಾನ ಸೇರಿ, ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ‘ಗದಾಯುದ್ಧ’ವನ್ನು ರಚಿಸಿದ. ಕಾವ್ಯದ ನಾಯಕ ಭೀಮ; ಓದುಗನ ಎದೆಯಲ್ಲಿ ಉಳಿಯುವವನು ಮಾತ್ರ ದುರ್ಯೋಧನ. ಇದನ್ನು ಕಂಡ ಬಿ.ಎಂ. ಶ್ರೀಕಂಠಯ್ಯನವರು ಆ ಕಾವ್ಯವನ್ನು 1926ರಲ್ಲಿ ‘ಗದಾಯುದ್ಧ ನಾಟಕಂ’ ಆಗಿಸಿ, ಗ್ರೀಕರ ರುದ್ರನಾಟಕದ ಬೆಳಕಿನಲ್ಲಿ ನಿಲ್ಲಿಸಿದರು.

ಮಹಾಪುರುಷನ ಪತನಕ್ಕೆ ಕಾರಣ ದುಷ್ಟತನವಲ್ಲ, ಒಂದು ಪ್ರಮಾದ ಎಂದ ಅರಿಸ್ಟಾಟಲ್. ಆದರೆ ದ್ರೌಪದಿಯನ್ನು ಸಭೆಗೆ ಎಳೆತರಿಸಿದ್ದನ್ನು ಪ್ರಮಾದವೆಂದು ತೇಲಿಸಿಬಿಡಲಾದೀತೆ? ರನ್ನ ಹಾಗೆ ತೇಲಿಸುವುದಿಲ್ಲ. ಅವನ ಕಾವ್ಯದಲ್ಲಿ ತಂದೆತಾಯಿಗಳು ರಣರಂಗಕ್ಕೇ ಬಂದು ಸಂಧಿಗಾಗಿ ಬೇಡಿಕೊಳ್ಳುತ್ತಾರೆ. ಬಾಗಿಲು ಆಗಲೂ ತೆರೆದೇ ಇತ್ತು. ಕರ್ಣನಿಲ್ಲದ, ದುಶ್ಶಾಸನನಿಲ್ಲದ ನೆಲ ತನಗೇಕೆ, ಇನ್ನು ತನ್ನ ಹೋರಾಟ ಛಲಕ್ಕಾಗಿ ಎಂದು ಅದನ್ನು ಮುಚ್ಚಿದವನು ದುರ್ಯೋಧನನೇ. ಭೀಷ್ಮರ ಮಾತಿನಂತೆ ವೈಶಂಪಾಯನ ಸರೋವರದಲ್ಲಿ ಅಡಗಿದವನು ಭೀಮನ ಮೂದಲಿಕೆಯನ್ನು ತಾಳಲಾರದೆ ಹೊರಬರುತ್ತಾನೆ. ಅವನನ್ನು ಎಳೆದು ತಂದದ್ದು ವಿಧಿಯಲ್ಲ, ಸ್ವಭಾವ.

ಹಾಗಾದರೆ ಭೀಮ ನಿರ್ದೋಷಿಯೆ? ಅಲ್ಲ. ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯುವುದು ಅಧರ್ಮ. ವ್ಯಾಸಭಾರತದಲ್ಲಿ ಆ ಏಟಿನ ಹಿಂದೆ ಕೃಷ್ಣನ ಸೂಚನೆಯೂ ಇದೆ. ಆದರೆ ಅದು ಮರಣದ ರೀತಿಗೆ ಹೊಣೆ, ಪತನಕ್ಕೆ ಹೊಣೆಯಲ್ಲ. ಈ ಎರಡನ್ನೂ ಬೆರೆಸಿದವರು ಒಂದೋ ಕೌರವನನ್ನು ಬರಿಯ ಖಳನಾಗಿಸುತ್ತಾರೆ, ಇಲ್ಲವೆ ಬರಿಯ ಬಲಿಪಶುವಾಗಿಸುತ್ತಾರೆ.

ರನ್ನನ ದುರ್ಯೋಧನ ಎರಡೂ ಅಲ್ಲ. ಹಗೆಯ ಮಗ ಅಭಿಮನ್ಯುವಿನ ಶವದೆದುರು ಕೈಮುಗಿದು ಅವನ ಶೌರ್ಯವನ್ನು ಮೆಚ್ಚುವ ಹೃದಯ ಅವನದು. ಹಿರಿಮೆಯನ್ನು ಗುರುತಿಸಬಲ್ಲವನು ತನ್ನ ದಾರಿಯನ್ನು ಮಾತ್ರ ತಿದ್ದಿಕೊಳ್ಳಲಿಲ್ಲ. ನಾವು ಮರುಗುವುದು ಅದಕ್ಕಾಗಿ. ನಮ್ಮೂರ ಮುದುಕಿಯರು ಕಣ್ಣೊರಸಿಕೊಳ್ಳುವುದು ನಿಜ. ಆದರೆ ದ್ರೌಪದಿಯದೇ ತಪ್ಪೆಂದು ಅವರಲ್ಲಿ ಒಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ. ಕರುಣೆಗೂ ತೀರ್ಪಿಗೂ ಇರುವ ಅಂತರವನ್ನು ಅವರು ಬಲ್ಲರು.