ತೊಗಲೋ ಅರಿವೆಯೋ: ಬಮ್ಮಿಗಟ್ಟಿಯ ಸವಾರನ ಜರ್ಕಿನ್ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಮೋಟಾರ್ ಸೈಕಲ್ ಸವಾರ ಮೈಗೆ ತೊಗಲಿನ ಜರ್ಕಿನ್ ಹಾಕಬೇಕೋ ಅರಿವೆಯದೋ ಎಂಬ ಪ್ರಶ್ನೆಗೆ ಈಗ ಸಿಗುವ ಉತ್ತರಗಳೆಲ್ಲ ಬಹುಮಟ್ಟಿಗೆ ತಂಪು ದೇಶದ, ನುಣುಪು ರಸ್ತೆಯ, ರಜೆಯ ದಿನ ಗಾಡಿ ಹೊರತೆಗೆಯುವ ಸವಾರನಿಗೆ ಹೇಳಿದವು. ಈ ಟಿಪ್ಪಣಿಯ ಸವಾರನೇ ಬೇರೆ. ಇವನು ಧಾರವಾಡ ಜಿಲ್ಲೆ ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯವನು. ನೂರು, ನೂರಾ ಇಪ್ಪತ್ತೈದು ಸಿಸಿಯ ಗಾಡಿ. ಬೆಳಿಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ಗೊಬ್ಬರದ ಚೀಲ, ವಾರದಲ್ಲಿ ನಾಲ್ಕಾರು ಸಲ ಹುಬ್ಬಳ್ಳಿ ಇಲ್ಲವೇ ಧಾರವಾಡ. ಮಳೆಗಾಲವೆಂದು ಇವನ ಗಾಡಿ ನಿಲ್ಲುವುದಿಲ್ಲ.

ಊರಿನ ಹಿರಿಯರೊಬ್ಬರ ಪಡಸಾಲೆಯಲ್ಲಿ ಗೂಟಕ್ಕೆ ತೂಗುಹಾಕಿದ್ದ ನೊಗದ ಹಳೆಯ ತೊಗಲಿನ ಜತಗಿ ಮತ್ತು ಕಂಬಳಿ ಎರಡನ್ನೂ ಒಟ್ಟಿಗೆ ನೋಡಿ, ನೊಗಕ್ಕೆ ಉಣ್ಣೆಯ ಹಗ್ಗ ಯಾಕೆ ಕಟ್ಟುತ್ತಿರಲಿಲ್ಲ ಎಂದು ಕೇಳಿದೆ. ಅವರು ನಕ್ಕರು. "ತೊಗಲು ಉಜ್ಜಾಟಕ್ಕ, ತಮ್ಮಾ. ಕಂಬಳಿ ಮಳಿಗೆ. ಒಂದರ ಕೆಲಸಾ ಇನ್ನೊಂದಕ್ಕ ಹಚ್ಚಬಾರ್ದು." ಎತ್ತಿನ ಕಾಲದ ಈ ವಿಂಗಡಣೆ ಗಾಡಿಯ ಕಾಲಕ್ಕೂ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವುದೇ ಇಲ್ಲಿಯ ಉದ್ದೇಶ.

2. ಹಿಂದಿನ ರೂಢಿ

ಈ ಸೀಮೆಯ ಒಕ್ಕಲುತನದಲ್ಲಿ ತೊಗಲು ಎಲ್ಲೆಲ್ಲಿ ಬರುತ್ತಿತ್ತು ಎಂದು ಪಟ್ಟಿ ಮಾಡಿದರೆ ಒಂದು ಕ್ರಮ ಕಾಣುತ್ತದೆ: ನೊಗದ ಜತಗಿ, ಎಳೆಯುವ ಮಿಣಿ, ಬಾರುಕೋಲಿನ ಬಾರು, ಕಾಲಿನ ಮೆಟ್ಟು. ಎಲ್ಲವೂ ಎಳೆತ ಮತ್ತು ತಿಕ್ಕಾಟದ ಜಾಗಗಳು. ಬಾವಿಯ ನೀರೆತ್ತುವ ಕಪಲಿ ಮಾತ್ರ ಅಪವಾದ; ಅದಕ್ಕೂ ಎಣ್ಣೆ ಕುಡಿಸಿ ಕುಡಿಸಿ ಕಾಪಾಡಬೇಕಿತ್ತು. ಮೈಮೇಲೆ ಹೊದೆಯಲು ತೊಗಲನ್ನು ಯಾರೂ ಬಳಸಲಿಲ್ಲ.

ತೊಗಲನ್ನು ಹದ ಮಾಡುತ್ತಿದ್ದವರು, ಹೊಲಿಯುತ್ತಿದ್ದವರು ಆಯಗಾರರಾಗಿ ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದರು. ಹನ್ನೆರಡನೆಯ ಶತಮಾನದ ಆಸುಪಾಸಿನ ಶರಣರಾದ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ ಇವರ ಹೆಸರುಗಳಲ್ಲೇ ಆ ಕಸುಬುಗಳು ಉಳಿದಿವೆ. ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರು ಚರ್ಮದ ಎಳೆಗಳನ್ನು ಹಿಡಿದು ಕಟ್ಟಿ ಕೊಳೆಯದಂತೆ ಮಾಡುತ್ತದೆ. ಹದ ಎಂದರೆ ಅದು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು. ಧಾರವಾಡ ಅವುಗಳಲ್ಲಿ ಒಂದು.

ಮಳೆಗೆ ಇದ್ದದ್ದು ಕಂಬಳಿಯ ಕೊಪ್ಪೆ. ದಖನಿ ಕುರಿಯ ಒರಟು ಉಣ್ಣೆಯನ್ನು ನೇಯ್ದು, ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡಿದ ಕಂಬಳಿಯ ಮೇಲೆ ಹನಿ ಉರುಳಿ ಹೋಗುತ್ತದೆ. ಉಣ್ಣೆಯ ಎಳೆ ತನ್ನ ತೂಕದ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ತೇವವನ್ನು ಒಳಗೆ ಹೀರಿಕೊಂಡರೂ ಮೈಗೆ ಒದ್ದೆ ಅನಿಸುವುದಿಲ್ಲ.

ಪಶ್ಚಿಮದ ಸವಾರರೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದವರು. ನ್ಯೂಯಾರ್ಕಿನ ಇರ್ವಿಂಗ್ ಶಾಟ್ 1928ರಲ್ಲಿ ಹೊಲಿದ ತೊಗಲಿನ ಜರ್ಕಿನ್ ಅಲ್ಲಿನ ಸವಾರರ ಗುರುತಾಯಿತು. ಮಳೆಯ ನಾಡಾದ ಇಂಗ್ಲೆಂಡಿನಲ್ಲಿ ಬಾರ್ಬರ್ ಕಂಪನಿ 1936ರಲ್ಲಿ ಸವಾರರಿಗೆಂದು ತಂದದ್ದು ಮೇಣ ಕುಡಿಸಿದ ಹತ್ತಿಬಟ್ಟೆ. ಒಂದು ಕಡೆ ಮೇಣ, ಇನ್ನೊಂದು ಕಡೆ ಹುಣಸೆಬೀಜದ ಗಂಜಿ. ಎದುರಿಸಬೇಕಾದ ಮಳೆ ಒಂದೇ.

3. ಬೀಳುವುದರ ಲೆಕ್ಕ

ಬಿದ್ದವನಿಗೆ ಆಗುವ ಪೆಟ್ಟು ಎರಡು ಬಗೆ. ಮೊದಲನೆಯದು ನೆಲಕ್ಕೆ ಅಪ್ಪಳಿಸುವ ಪೆಟ್ಟು, ಎರಡನೆಯದು ಜಾರುವಾಗಿನ ತರಚು. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ತೊಗಲು–ಅರಿವೆಯ ವಾದ ಹಳ್ಳ ಹಿಡಿಯುತ್ತದೆ.

ಒಂದು ಮೀಟರ್ ಎತ್ತರದಿಂದ ಬಿದ್ದ ಭುಜ ನೆಲಕ್ಕೆ ತಾಗುವ ವೇಗ ಗಂಟೆಗೆ ಸುಮಾರು 16 ಕಿ.ಮೀ. ಗಾಡಿ 30ರಲ್ಲಿರಲಿ, 90ರಲ್ಲಿರಲಿ, ಈ ಲಂಬ ವೇಗ ಬದಲಾಗದು. ಇದನ್ನು ತಡೆಯುವ ಶಕ್ತಿ ಒಂದೂಕಾಲು ಮಿಲಿಮೀಟರ್ ತೊಗಲಿಗೂ ಇಲ್ಲ, ನೈಲಾನಿಗೂ ಇಲ್ಲ. ಅದು ಭುಜ, ಮೊಣಕೈಗಳಲ್ಲಿ ಕೂಡಿಸಿದ ಮೆತ್ತೆಯ ಕೆಲಸ. ಯುರೋಪಿನ ಇಎನ್ 1621-1 ಮಾನಕದಲ್ಲಿ ಇಂಥ ಮೆತ್ತೆಯ ಮೇಲೆ 50 ಜೂಲ್ ಶಕ್ತಿಯ ಹೊಡೆತ ಹಾಕುತ್ತಾರೆ. ಆ ಕಡೆಗೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಒಂದನೆಯ ಮಟ್ಟ, 20 ಮೀರದಿದ್ದರೆ ಎರಡನೆಯ ಮಟ್ಟ.

ಜಾರುವುದು ಮಾತ್ರ ವೇಗದ ಲೆಕ್ಕ. ಡಾಂಬರಿಗೂ ಉಡುಪಿಗೂ ನಡುವಿನ ಘರ್ಷಣಾಂಕ 0.6 ಎಂದು ಹಿಡಿದರೆ, 50 ಕಿ.ಮೀ. ವೇಗದಲ್ಲಿ ಬಿದ್ದವನು ಸುಮಾರು 16 ಮೀಟರ್ ಜಾರಿ ಎರಡೂವರೆ ಸೆಕೆಂಡಿನೊಳಗೆ ನಿಲ್ಲುತ್ತಾನೆ. 100ರಲ್ಲಿ ಬಿದ್ದವನು ಸುಮಾರು 65 ಮೀಟರ್ ಜಾರುತ್ತಾನೆ, ನಿಲ್ಲಲು ಐದು ಸೆಕೆಂಡಿಗೆ ಸಮೀಪ ಬೇಕು. ವೇಗ ಇಮ್ಮಡಿಯಾದರೆ ಉಜ್ಜಾಟದ ಹಾದಿ ನಾಲ್ಮಡಿ.

ಕೇಂಬ್ರಿಜ್‌ನ ರೋಡೆರಿಕ್ ವುಡ್ಸ್ ರೂಪಿಸಿದ ಯಂತ್ರ ಇದನ್ನೇ ಅಳೆಯುತ್ತದೆ. ಸೆಕೆಂಡಿಗೆ 8 ಮೀಟರ್ ಓಡುವ ಉಪ್ಪುಕಾಗದದ ಪಟ್ಟಿಯ ಮೇಲೆ ಉಡುಪಿನ ತುಣುಕನ್ನು ಬೀಳಿಸಿ, ತೂತು ಬೀಳಲು ಎಷ್ಟು ಹೊತ್ತು ಬೇಕು ಎಂದು ನೋಡುತ್ತಾರೆ. 2002ರ ಇಎನ್ 13595 ಮಾನಕದಲ್ಲಿ ಭುಜ, ಮೊಣಕೈ, ಮೊಣಕಾಲಿನ ಜಾಗಗಳು 4 ಸೆಕೆಂಡ್ ತಾಳಿದರೆ ಒಂದನೆಯ ಮಟ್ಟ, 7 ಸೆಕೆಂಡ್ ತಾಳಿದರೆ ಎರಡನೆಯದು. ಒಳ್ಳೆಯ ದನದ ತೊಗಲು ಈ ಪರೀಕ್ಷೆಯಲ್ಲಿ ಸುಲಭವಾಗಿ ಮುಂದೆ ನಿಲ್ಲುತ್ತದೆ. ಒಂದೇ ಪದರದ ಸಾಮಾನ್ಯ ಪಾಲಿಯೆಸ್ಟರ್ ಬೇಗ ಸೋಲುತ್ತದೆ. 2020ರಲ್ಲಿ ಬಂದ ಇಎನ್ 17092 ಉಡುಪುಗಳನ್ನು ಎಎಎ, ಎಎ, ಎ ಮುಂತಾದ ದರ್ಜೆಗಳಾಗಿ ವಿಂಗಡಿಸಿದ ಮೇಲೆ ಅರಿವೆಯ ಜರ್ಕಿನ್‌ಗೂ ತನ್ನದೇ ಅಂಕಪಟ್ಟಿ ಸಿಕ್ಕಿತು.

4. ಒಂದು ತೋಳನ್ನು ಹತ್ತಿರದಿಂದ

ಕೆಲವು ವರ್ಷದ ಹಿಂದೆ ಸುಗ್ಗಿಯ ದಿನಗಳಲ್ಲಿ, ರಸ್ತೆಯ ಮೇಲೆ ಒಣಗಲು ಹರವಿದ್ದ ಗೋವಿನಜೋಳದ ಅಂಚಿಗೆ ಮುಂಗಾಲಿ ಸಿಕ್ಕು ನಾನೇ ಬಿದ್ದೆ. ಕಾಳು ಗಾಲಿಯ ಕೆಳಗೆ ಗೋಲಿಯಂತೆ ಉರುಳಿತು. ವೇಗ ಹೆಚ್ಚಿರಲಿಲ್ಲ. ಮೈಮೇಲಿದ್ದದ್ದು ಪಾಲಿಯೆಸ್ಟರ್ ಜರ್ಕಿನ್. ಅದರ ಮೊಣಕೈ ಭಾಗವನ್ನು ಆಮೇಲೆ ಭೂತಗನ್ನಡಿಯಲ್ಲಿ ನೋಡಿದೆ. ಎಳೆಗಳು ಹರಿದಿರಲಿಲ್ಲ, ಕರಗಿದ್ದವು. ತೂತಿನ ಸುತ್ತ ಒಂದೊಂದು ಎಳೆಯ ತುದಿಯೂ ಸಾಸಿವೆಗಿಂತ ಸಣ್ಣ ಮಣಿಯಾಗಿ ಗಟ್ಟಿಯಾಗಿತ್ತು. ಪಾಲಿಯೆಸ್ಟರ್, ನೈಲಾನ್ 66 ಎರಡೂ 250–260 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತವೆ, ಉಜ್ಜಾಟದ ಬಿಸಿ ಅಲ್ಲಿಗೆ ಮುಟ್ಟಬಲ್ಲದು. ಹದವಾದ ತೊಗಲು ಕರಗುವುದಿಲ್ಲ. ಬಿಸಿಗೆ ಮುದುಡುತ್ತದೆ, ಉಜ್ಜಿಗೆ ಪದರ ಪದರವಾಗಿ ಸವೆಯುತ್ತದೆ. ಸ್ಟೆಫಾನಿ ಕ್ವೊಲೆಕ್ 1965ರಲ್ಲಿ ಕಂಡುಹಿಡಿದ ಕೆವ್ಲಾರ್‌ನಂಥ ಅರಮಿಡ್ ಎಳೆಗಳೂ ಕರಗುವಂಥವಲ್ಲ. ಆದ್ದರಿಂದಲೇ ಒಳ್ಳೆಯ ಜರ್ಕಿನ್‌ಗಳ ಮೊಣಕೈ, ಭುಜಗಳಲ್ಲಿ ಅವನ್ನು ಸೇರಿಸುತ್ತಾರೆ.

ತೂತು ಚಿಕ್ಕದು. ಅದರ ಪಕ್ಕದ ಹೊಲಿಗೆ ಮಾತ್ರ ಒಂದು ಗೇಣು ಬಿಚ್ಚಿಕೊಂಡಿತ್ತು. ಮೊಣಕೈಯ ಮೆತ್ತೆಯೂ ಸರಿದು ತೋಳಿನ ಹಿಂಬದಿಗೆ ಹೋಗಿತ್ತು. ನನಗೆ ಗಾಯ ಮಾಡಿದ್ದು ಅರಿವೆಯ ಸೋಲಲ್ಲ, ಹೊಲಿಗೆಯ ಸೋಲು ಮತ್ತು ಸಡಿಲ ತೋಳು. ಆಸ್ಟ್ರೇಲಿಯಾದ ಲಿಜ್ ಡಿ ರೋಮ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಅಪಘಾತಕ್ಕೊಳಗಾದ 212 ಸವಾರರನ್ನು ನೋಡಿದಾಗ, ಸವಾರಿಗೆಂದೇ ಮಾಡಿದ ಜರ್ಕಿನ್ ತೊಟ್ಟವರು ಆಸ್ಪತ್ರೆಗೆ ದಾಖಲಾಗುವ ಸಂಭವ 21% ಕಡಿಮೆಯಿತ್ತು. ಕೈಗವಸಿನಿಂದ 59%, ಪ್ಯಾಂಟಿನಿಂದ 51%. ಆದರೆ ಜರ್ಕಿನ್‌ಗಳಲ್ಲಿ ಸುಮಾರು 30% ಬಿದ್ದಾಗ ಕೈಕೊಟ್ಟಿದ್ದವು.

5. ಮಳೆ, ಬಿಸಿಲು, ಗೂಟ

ಜಿಲ್ಲೆಯ ಮೂಡಣ ತುದಿಯ ನವಲಗುಂದ ಎರೆಮಣ್ಣಿನ ಒಣ ಬಯಲು. ಕಲಘಟಗಿ ಪಡುವಣದ ಅರೆಮಲೆನಾಡು, ಜಿಲ್ಲೆಯ ಹೆಚ್ಚು ಮಳೆಯ ಸೀಮೆಗಳಲ್ಲೊಂದು. ಜುಲೈಯಲ್ಲಿ ನನ್ನ ತೊಗಲಿನ ಜರ್ಕಿನ್ ನೆನೆದು, ಗೂಟದ ಮೇಲೆ ಮೂರು ದಿನ ಇದ್ದರೂ ಕಂಕುಳ ಒಣಗಲಿಲ್ಲ. ವಾರದ ಮೇಲೆ ಕಾಲರಿನ ಒಳಗೆ ಬಿಳಿಯ ಬೂಸಲು ಬಂತು. ಒಲೆಯ ಬಳಿ ಒಣಗಿಸಿದ್ದು ಇನ್ನೂ ದೊಡ್ಡ ತಪ್ಪು: ತೊಗಲು ಸೆಟೆದು ಮಡಿಕೆಯಲ್ಲಿ ಬಿರಿಯಿತು. ಅರಿವೆಯ ಜರ್ಕಿನ್ ಸಂಜೆ ನೆನೆದರೆ ಬೆಳಿಗ್ಗೆ ಹಾಕಬಹುದು, ಅದರ ಮೇಲೆ ರೇನ್‌ಕೋಟೂ ಕೂರುತ್ತದೆ.

ಬೇಸಿಗೆಯ ಮಾತು ಇನ್ನೂ ನೇರ. ಏಪ್ರಿಲ್‌ನ ಬಿಸಿಲಿನಲ್ಲಿ, 30 ಕಿ.ಮೀ. ವೇಗದಲ್ಲಿ ಹೊಲದ ದಾರಿ ಹಿಡಿದವನಿಗೆ ತೊಗಲು ಒಲೆಯೇ ಸರಿ. ಅವನು ಅದನ್ನು ಬಿಚ್ಚಿ ಹಿಂದಿನ ಸೀಟಿಗೆ ಕಟ್ಟುತ್ತಾನೆ. ಸೀಟಿಗೆ ಕಟ್ಟಿದ ಜರ್ಕಿನ್ ಯಾವ ದರ್ಜೆಯದಾದರೂ ತಾಳುವ ಹೊತ್ತು ಸೊನ್ನೆ ಸೆಕೆಂಡ್. ಆಸ್ಟ್ರೇಲಿಯಾದಲ್ಲಿ 2018ರಿಂದ ನಡೆಯುತ್ತಿರುವ ಮೋಟೋಕ್ಯಾಪ್ ಪರೀಕ್ಷೆಯಲ್ಲಿ ರಕ್ಷಣೆಗೂ ಬಿಸಿಲಿನ ಹಿತಕ್ಕೂ ಬೇರೆ ಬೇರೆ ಅಂಕ ಕೊಡುತ್ತಾರೆ. ನಮ್ಮ ಹವೆಗೆ ಹತ್ತಿರವಾದ ಅಳತೆ ಅದು.

ಒಂದು ಎಚ್ಚರ. ಪೇಟೆಯಲ್ಲಿ ಲೆದರ್ ಜರ್ಕಿನ್ ಎಂದು ಮಾರುವುದರಲ್ಲಿ ರೆಕ್ಸಿನ್ನೂ ಇರುತ್ತದೆ. ಒಳಹೊಲಿಗೆಯ ಹತ್ತಿರ ಕತ್ತರಿಸಿದ ಅಂಚನ್ನು ನೋಡಬೇಕು. ತೊಗಲಾದರೆ ಅಂಚು ಉದ್ದಕ್ಕೂ ನಾರುನಾರು. ರೆಕ್ಸಿನ್ ಆದರೆ ಮೇಲೆ ತೆಳುವಾದ ಪ್ಲಾಸ್ಟಿಕ್ ಪದರ, ಕೆಳಗೆ ಹೆಣೆದ ಬಟ್ಟೆ. ಅದಕ್ಕೆ ತೊಗಲಿನ ತಾಳಿಕೆಯೂ ಇಲ್ಲ, ಅರಿವೆಯ ಉಸಿರೂ ಇಲ್ಲ.

6. ನಿರ್ಣಯ

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491, ಅವರಲ್ಲಿ 44.5% ದ್ವಿಚಕ್ರ ವಾಹನದವರು. ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ತಲೆಗೆ ಹೆಲ್ಮೆಟ್ ಕಡ್ಡಾಯ ಮಾಡುತ್ತದೆ, ಆ ಹೆಲ್ಮೆಟ್ಟಿಗೆ 2021ರ ಜೂನ್‌ನಿಂದ ಐಎಸ್ಐ ಗುರುತೂ ಕಡ್ಡಾಯ. ಕತ್ತಿನಿಂದ ಕೆಳಗೆ ಆಯ್ಕೆ ಸವಾರನದೇ. ಇದೇ ಜಿಲ್ಲೆಯ ಬೆಂಗೇರಿಯಲ್ಲಿ ಹೊಲಿಯುವ ರಾಷ್ಟ್ರಧ್ವಜದ ಖಾದಿಗೆ ನೂಲಿನ ಎಣಿಕೆ, ಬಣ್ಣದ ಗಟ್ಟಿತನ, ಹೊಲಿಗೆ ಎಲ್ಲಕ್ಕೂ ಮಾನಕವಿದೆ. ಜರ್ಕಿನ್ ಕೊಳ್ಳುವವನೂ ಅಷ್ಟೇ ಜಿಗುಟಾಗಿ ಚೀಟಿ ಓದಿ, ಹೊಲಿಗೆ ಎಳೆದು ನೋಡಬೇಕು.

ಹಿರಿಯರ ವಿಂಗಡಣೆ ಪರೀಕ್ಷೆಯಲ್ಲಿ ನಿಲ್ಲುತ್ತದೆ, ಒಂದು ತಿದ್ದುಪಡಿಯೊಂದಿಗೆ. ತೊಗಲೋ ಅರಿವೆಯೋ ಎಂದು ಇಡೀ ಮೈಗೆ ಒಂದೇ ಉತ್ತರ ಹುಡುಕಬಾರದು, ಅಂಗಕ್ಕೊಂದು ಉತ್ತರ ಬೇಕು. ಮೈಗೆ, ಮೆತ್ತೆ ಕೂಡಿಸಿದ, ತೋಳು ಬಿಗಿಯಾಗಿ ಕೂರುವ ಅರಿವೆಯ ಜರ್ಕಿನ್. ಅಂಗೈಗೂ ಕಾಲಿಗೂ ತೊಗಲು. ಅವು ಚಿಕ್ಕವು, ಬೇಗ ಒಣಗುತ್ತವೆ, ಎಣ್ಣೆ ಹಚ್ಚುವುದೂ ಸುಲಭ. ಕಲಘಟಗಿಯ ಮೂಲಕ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ನಿತ್ಯ 80–100ರಲ್ಲಿ ಓಡಿಸುವವನು ಮಾತ್ರ, ಮಳೆಗಾಲ ಬಿಟ್ಟು, ತೊಗಲಿನ ಜರ್ಕಿನ್‌ನ ತೂಕ ಹೊರಬಹುದು.

ಒಮ್ಮೆಲೇ ಎಲ್ಲ ಕೊಳ್ಳಲು ದುಡ್ಡಿಲ್ಲದವನು ಜರ್ಕಿನ್‌ನಿಂದ ಶುರು ಮಾಡಬೇಕಿಲ್ಲ. ಬೀಳುವವನು ಮೊದಲು ಊರುವುದು ಕೈ. ಅಂದು ಗೋವಿನಜೋಳದ ಮೇಲೆ ನಾನು ಊರಿದ್ದು ಬರಿಗೈ. ಮೊಣಕೈ ಹದಿನೈದು ದಿನಕ್ಕೆ ಮಾಯಿತು, ಅಂಗೈಯ ಕಲೆ ಈಗಲೂ ಇದೆ. ಮೊದಲ ಖರೀದಿ ಒಂದು ಜೊತೆ ತೊಗಲಿನ ಕೈಗವಸಾಗಲಿ.