ರಾಮರಾಜ್ಯದ ಹೆಸರು, ಜಹಗೀರಿನ ನೆಲ

ಧರ್ಮದ ಹೆಸರಿನಲ್ಲಿ ಕಟ್ಟಿದ ಪಕ್ಷಗಳೆಲ್ಲ ಬೇರೂರುತ್ತವೆ ಎಂದೇನಿಲ್ಲ. ಅಖಿಲ ಭಾರತೀಯ ರಾಮರಾಜ್ಯ ಪರಿಷತ್ತಿನ ಹೆಸರು ಕೇಳಿದವರು ಇಂದು ನಮ್ಮ ಕಾರವಾರ, ಅಂಕೋಲೆಗಳಲ್ಲಿ ವಿರಳ.

1948ರಲ್ಲಿ ಇದನ್ನು ಸ್ಥಾಪಿಸಿದವರು ಸ್ವಾಮಿ ಕರಪಾತ್ರಿ. ಅಂಗೈಯನ್ನೇ ಪಾತ್ರೆ ಮಾಡಿಕೊಂಡು ಉಣ್ಣುತ್ತಿದ್ದ ಸನ್ಯಾಸಿ, ಶಾಸ್ತ್ರಗಳಲ್ಲಿ ದೊಡ್ಡ ವಿದ್ವಾಂಸರು. ವರ್ಣಾಶ್ರಮ ಉಳಿಯಬೇಕು, ಗೋಹತ್ಯೆ ನಿಲ್ಲಬೇಕು, ಹೆಣ್ಣಿಗೆ ವಿಚ್ಛೇದನ ಮತ್ತು ಆಸ್ತಿಯ ಹಕ್ಕು ಕೊಡುವ ಹಿಂದೂ ಕೋಡ್ ಮಸೂದೆ ಬೇಡ ಎಂಬುದು ಅವರ ನಿಲುವು. 1952ರ ಚುನಾವಣೆಯಲ್ಲಿ ಪರಿಷತ್ತಿಗೆ ಲೋಕಸಭೆಯಲ್ಲಿ 3 ಸ್ಥಾನ, ರಾಜಸ್ಥಾನದ ವಿಧಾನಸಭೆಯಲ್ಲಿ 24 ಸ್ಥಾನ ದಕ್ಕಿತು.

ರಾಜಸ್ಥಾನದಲ್ಲೇ ಏಕೆ? ಅಲ್ಲಿ ಜಹಗೀರು ರದ್ದತಿಯ ಕಾಯಿದೆ ಬಂದದ್ದೂ ಅದೇ 1952ರಲ್ಲಿ. ನೆಲ ಕಳೆದುಕೊಳ್ಳುವ ಭಯದಲ್ಲಿದ್ದ ಜಹಗೀರುದಾರರಿಗೆ ಧರ್ಮರಕ್ಷಣೆಯ ಕೂಗು ಒಳ್ಳೆಯ ಆಸರೆಯಾಯಿತು. 1957ರಲ್ಲಿ ಪರಿಷತ್ತಿನ ಬಲ 17ಕ್ಕೆ ಇಳಿಯಿತು. 1959ರಲ್ಲಿ ಸ್ವತಂತ್ರ ಪಕ್ಷ ಹುಟ್ಟಿದ ಮೇಲೆ ಭೂಮಾಲೀಕರು ಅತ್ತ ಸರಿದರು. 1962ರಲ್ಲಿ ಉಳಿದದ್ದು 3. ಕೊನೆಗೆ ಪರಿಷತ್ತು ಜನಸಂಘದಲ್ಲಿ ಕರಗಿಹೋಯಿತು.

ಅದೇ ವರ್ಷಗಳಲ್ಲಿ ನಮ್ಮ ಕೆನರಾ ಲೋಕಸಭಾ ಕ್ಷೇತ್ರ ಆರಿಸಿದ್ದು ಯಾರನ್ನು? 1952, 1957, 1962 ಮೂರು ಸಲವೂ ಕ್ರೈಸ್ತರಾದ ಜೋಕಿಂ ಆಳ್ವರನ್ನು. ಕಾಂಗ್ರೆಸ್ಸಿನ ಗಾಳಿ ಅವರ ಬೆನ್ನಿಗಿತ್ತು, ನಿಜ. ಆದರೂ ಹಿಂದೂಗಳೇ ಹೆಚ್ಚಿರುವ ಕ್ಷೇತ್ರದಲ್ಲಿ ಅವರ ಧರ್ಮ ಮತಕ್ಕೆ ಅಡ್ಡಬರಲಿಲ್ಲ. 1967ರಲ್ಲಿ ಅಂಕೋಲೆಯ ದಿನಕರ ದೇಸಾಯಿ ಪಕ್ಷೇತರರಾಗಿ ಗೆದ್ದರು. ಗೇಣಿ ರೈತರ ಪರ ಹೋರಾಡಿ ಬ್ರಿಟಿಷರಿಂದ ಜಿಲ್ಲೆಯ ಹೊರಗೆ ಗಡಿಪಾರಾಗಿದ್ದವರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಬಡಮಕ್ಕಳಿಗೆ ಶಾಲೆ ತೆರೆದವರು ಅವರು.

ನಮ್ಮ ಜನಕ್ಕೆ ಧರ್ಮಶ್ರದ್ಧೆ ಕಡಿಮೆಯೇ? ಅಂಕೋಲೆಯ ಬಂಡಿಹಬ್ಬ ನೋಡಿದವರು, ಸದಾಶಿವಗಡದ ದರ್ಗಾಕ್ಕೆ ಹರಕೆ ಹೊತ್ತವರು ಹಾಗೆನ್ನಲಾರರು. ಆದರೆ 1930ರ ಉಪ್ಪಿನ ಸತ್ಯಾಗ್ರಹ ಮತ್ತು ಅದರ ಹಿಂದೆಯೇ ಬಂದ ಕರನಿರಾಕರಣೆಯಲ್ಲಿ ಜಮೀನನ್ನೇ ಕಳೆದುಕೊಂಡ ರೈತರ ನಾಡಿದು. ಉಳುವವನಿಗೆ ಬೆಳೆಯಲ್ಲಿ ಪಾಲೆಷ್ಟು ಎಂಬ ಪ್ರಶ್ನೆ ಇಲ್ಲಿ ಬಹಿರಂಗವಾಗಿ ಎದ್ದಿತ್ತು. ಆ ಪ್ರಶ್ನೆ ಎದ್ದಲ್ಲಿ ಒಡೆಯನ ಹಿತವನ್ನು ದೇವರ ಹಿತವೆಂದು ನಂಬಿಸುವುದು ಕಷ್ಟ.

ಇದು ಒಂದೇ ಧರ್ಮದವರ ಕಥೆ ಎಂದು ನಾವು ಮುಸ್ಲಿಮರು ನೆಮ್ಮದಿಯಿಂದ ಕೂರುವಂತಿಲ್ಲ. ದೀನಿನ ಹೆಸರಿನಲ್ಲಿ ಮತ ಕೇಳುವವರು, ಹೆಣ್ಣಿನ ಹಕ್ಕಿನ ಮಾತೆದ್ದಾಗ ಧರ್ಮಕ್ಕೆ ಅಪಾಯ ಎನ್ನುವವರು ನಮ್ಮಲ್ಲೂ ಇದ್ದಾರೆ. ಯಾರೇ ಬರಲಿ, ಅವರ ಹಿಂದೆ ನಿಂತವರು ಯಾರು, ಅವರು ಉಳಿಸಿಕೊಳ್ಳಬಯಸುವುದು ಏನನ್ನು ಎಂದು ಕೇಳೋಣ. ಹಾಗೆ ಕೇಳುವುದರಿಂದ ಯಾರ ಈಮಾನಿಗೂ ಕುಂದು ಬರುವುದಿಲ್ಲ.