ಅನ್ನಭೋಗ

ಅನ್ನಭೋಗವು ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದಲ್ಲಿ ಊಟದ ಸೊಗಸು ಮತ್ತು ಕ್ರಮವನ್ನು ನಿರೂಪಿಸುವ ಅಧ್ಯಾಯ. ಕೃತಿಯ ರಚನೆ ಸುಮಾರು 1129ರದು. ‘ಅಭಿಲಷಿತಾರ್ಥಚಿಂತಾಮಣಿ’ ಅದರ ಇನ್ನೊಂದು ಹೆಸರು. 1926ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಇದರ ಮೊದಲ ಭಾಗವನ್ನು ಪ್ರಕಟಿಸಿತು.

ನೂರು ಅಧ್ಯಾಯಗಳ ಈ ಕೃತಿಯ ಐದು ವಿಂಶತಿಗಳಲ್ಲಿ, ಅಂದರೆ ಇಪ್ಪತ್ತು ಅಧ್ಯಾಯಗಳ ಭಾಗಗಳಲ್ಲಿ, ಅನ್ನಭೋಗವು ಮೂರನೆಯದರಲ್ಲಿದೆ. ಸಂಗೀತ, ನೃತ್ಯಗಳು ನಾಲ್ಕನೆಯದರಲ್ಲಿವೆ. ರುಚಿಯನ್ನು ಕಲೆಗಳ ಸಾಲಿನಲ್ಲೇ ಕೂರಿಸಿದ ಈ ಯೋಜನೆಯೇ ಕೃತಿಯ ದೊಡ್ಡ ಸಾಧನೆ.

ಆಹಾರವು ಋತುವಿಗೆ ಒಗ್ಗಬೇಕೆಂಬುದು ಇಲ್ಲಿನ ಮೂಲತತ್ತ್ವ. ವಸಂತಕ್ಕೆ ಖಾರ, ಗ್ರೀಷ್ಮಕ್ಕೆ ತಂಪಾದ ಸಿಹಿ, ಮಳೆಗಾಲಕ್ಕೆ ಉಪ್ಪು, ಶರತ್ತಿಗೆ ಸಿಹಿ, ಹೇಮಂತಕ್ಕೆ ಬಿಸಿಯಾದ ಜಿಡ್ಡು, ಶಿಶಿರಕ್ಕೆ ಬಿಸಿ ಹುಳಿ. ಇಡ್ಲಿಯ ಪೂರ್ವರೂಪವಾದ ‘ಇಡ್ಡರಿಕಾ’ ಉದ್ದಿನ ಹಿಟ್ಟಿನದು, ಅದರಲ್ಲಿ ಅಕ್ಕಿಯಿಲ್ಲ. ಮೆಣಸು, ಜೀರಿಗೆ, ಇಂಗು ಅದಕ್ಕೆ ಪರಿಮಳ ಕೊಡುತ್ತವೆ. ದೋಸೆ, ವಡೆ, ಪೂರಿಗಳ ಹಳೆಯ ರೂಪಗಳೂ ಮಾಂಸದ ಅಡುಗೆಗಳೂ ಜೊತೆಗಿವೆ.

ನೀರು, ಪಾನಕಗಳಿಗೆ ಪಾನೀಯಭೋಗವೆಂಬ ಬೇರೆ ಅಧ್ಯಾಯವಿದೆ. ಮದ್ಯವು ಕೊನೆಯ ವಿಂಶತಿಯಲ್ಲಿ ‘ಮದಿರಾಪಾನಕ್ರೀಡೆ’ಯಾಗಿ, ಅಂದರೆ ಊಟದ ಭಾಗವಾಗಿಯಲ್ಲದೆ ಆಟವಾಗಿ ಬರುತ್ತದೆ.

ಮಾನಸೋಲ್ಲಾಸವು ಸಂಸ್ಕೃತದ್ದಾದರೆ, ಕನ್ನಡದಲ್ಲಿ ಪಾಕಶಾಸ್ತ್ರಕ್ಕೇ ಮೀಸಲಾದ ಹಳೆಯ ಕೃತಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ಅದರ ಕಾಲ 16ನೆಯ ಶತಮಾನದ ಆರಂಭ.